ಔರಾದಿನಲ್ಲಿ ಮೇಡಂ ನಟಿಸಲಿಲ್ಲ

ಹೋದ ವಾರ ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. ಜಿಲ್ಲೆಯ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು: ಮೇಡಂ ತೀರಿಕೊಂಡರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವನು ಇನ್ನೊಂದನ್ನು ಮರೆತು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅವರಿಗೆ ಆರೋಗ್ಯ ಸರಿಯಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದರೆ ಪೆಟ್ಟು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ, ಶುದ್ಧ ಸುಳ್ಳು.

ಸ್ವಲ್ಪ ಹೊತ್ತಿಗೆ ಸಂದೇಶಗಳ ಸಾಲು ಶುರುವಾಯಿತು. ಕೈಮುಗಿದ ಚಿತ್ರ, ಹೂವಿನ ಚಿತ್ರ, 'ತುಂಬಲಾರದ ನಷ್ಟ'. ನಡುವೆ ಔರಾದ್ ಕಡೆಯ ಶಿಕ್ಷಕರೊಬ್ಬರು ಬರೆದರು: 'ನಮ್ಮ ತರಬೇತಿಯಲ್ಲಿ ಮೇಡಂ ಏನೂ ತಿಳಿಯದ ಹುಡುಗಿಯ ಪಾತ್ರ ಮಾಡಿದ್ದನ್ನು ಮರೆಯಲಾದೀತೇ? ಎಂಥ ನಟನೆ!' ಅದರ ಕೆಳಗೆ ಬಹಳ ಮಂದಿ ಹೌದು ಹೌದು ಎಂದರು. ಅಂಥ ಕಲಾವಿದೆ ಇಲಾಖೆಗೆ ಮತ್ತೆ ಸಿಗಲಾರರು ಎಂದು ಒಬ್ಬರು ಬರೆದರು. ನನಗೆ ಮೈಯೆಲ್ಲ ಉರಿಯಿತು. 'ಅದು ನಟನೆಯಾಗಿರಲಿಲ್ಲ' ಎಂದು ಬರೆದೆ, ಅಳಿಸಿದೆ. 'ನಾ ಇರೂತನ ಯಾರ ಮುಂದನೂ ಬಾಯಿ ಬಿಡಬ್ಯಾಡ' ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಅವರಿಲ್ಲ. ಗುಂಪಿನಲ್ಲಿ ಒಂದು ಸಾಲಿಗೆ ಮುಗಿಯುವ ಮಾತೂ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೇಡಂ ಬೀದರ್ ಜಿಲ್ಲೆಯ ಗಣಿತ ವಿಷಯ ಪರಿವೀಕ್ಷಕರಾಗಿದ್ದರು. ಹೈಸ್ಕೂಲುಗಳಿಗೆ ಹೋಗಿ ಗಣಿತ ಪಾಠ ಹೇಗೆ ನಡೆದಿದೆ ಎಂದು ನೋಡುವುದು, ವರದಿ ಕೊಡುವುದು ಅವರ ಕೆಲಸ. ಅವರು ಹೈಸ್ಕೂಲಿಗೇನೋ ಹೋಗುತ್ತಿದ್ದರು. ಆದರೆ ಅಲ್ಲಿ ಚಹಾ ಕುಡಿದ ಕೂಡಲೇ ಆ ಊರಿನ ಪ್ರಾಥಮಿಕ ಶಾಲೆ ಎಲ್ಲಿದೆ ಎಂದು ಕೇಳಿ ನಡೆದೇ ಬಿಡುತ್ತಿದ್ದರು. "ಹತ್ತನೇ ಕ್ಲಾಸಿನಾಗ ಫೇಲ್ ಆಗೋ ಹುಡುಗ ಅಲ್ಲಿ ಫೇಲ್ ಆಗಿರಂಗಿಲ್ರಿ. ಎರಡ್ನೇ ಕ್ಲಾಸಿನಾಗೇ ಆಗಿರ್ತಾನ. ರಿಸಲ್ಟ್ ಬರ್ಲಿಕ್ಕಿ ಎಂಟು ವರ್ಷ ತಡ ಆಗ್ತದ, ಅಷ್ಟೆ," ಎನ್ನುತ್ತಿದ್ದರು. ಈ ಮಾತನ್ನು ಅವರು ಎಷ್ಟು ಸಭೆಗಳಲ್ಲಿ ಹೇಳಿದ್ದಾರೋ! ಮೇಲಿನ ಅಧಿಕಾರಿಗಳಿಗೆ ಅದು ಹಿಡಿಸುತ್ತಿರಲಿಲ್ಲ. ಅವರಿಗೆ ಬರುವ ಮಾರ್ಚಿನ ಫಲಿತಾಂಶ ಬೇಕು, ಎಂಟು ವರ್ಷ ಯಾರು ಕಾಯುತ್ತಾರೆ?

ಕುಳ್ಳಗೆ, ದುಂಡಗೆ ಇದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿರುತ್ತಿದ್ದರು. ನಕ್ಕರೆ ಪಕ್ಕದ ಕೋಣೆಯ ಪಾಠ ನಿಲ್ಲಬೇಕು. ಕನ್ನಡ, ಮರಾಠಿ, ದಖನಿ ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುತ್ತಿದ್ದರು. ಯಾರು ಬೇಡವೆಂದರೂ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರುತ್ತಿದ್ದರು. ಭಾಲ್ಕಿ ಬಸ್ ನಿಲ್ದಾಣದ ಚಹಾ ಅವರಿಗೆ ಪ್ರಾಣ. ಅದರಲ್ಲಿ ಸಕ್ಕರೆ ಕಡಿಮೆಯಾದರೆ ಹೋಟೆಲಿನವನ ಗ್ರಹಚಾರ ಬಿಡಿಸುತ್ತಿದ್ದರು. ಅವರು ಸಾಧ್ವಿ, ಶಾಂತಮೂರ್ತಿ ಎಂದೆಲ್ಲ ಶ್ರದ್ಧಾಂಜಲಿಯಲ್ಲಿ ಬರೆದವರು ಅವರನ್ನು ಕಚೇರಿಯ ಗುಮಾಸ್ತರ ಮುಂದೆ ನೋಡಿಲ್ಲ ಎಂದೇ ಲೆಕ್ಕ.

ಸಾಹೇಬರು ಬರುತ್ತಾರೆಂದರೆ ಶಾಲೆಗಳು ಹೇಗೆ ಸಿಂಗಾರಗೊಳ್ಳುತ್ತವೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಾಣ ಮಕ್ಕಳು ಮುಂದೆ ಕೂರುತ್ತಾರೆ. ದಡ್ಡರೆನಿಸಿಕೊಂಡವರಿಗೆ ಹಿಂದಿನ ದಿನವೇ ಸೂಚನೆ ಹೋಗಿರುತ್ತದೆ: ನಾಳೆ ಬರಬೇಡಿ. ಮೇಡಂ ಒಳಗೆ ಬಂದವರೇ ಮುಂದೆ ಕೂತವರನ್ನು ಏನೂ ಕೇಳುತ್ತಿರಲಿಲ್ಲ. "ಇವತ್ತ ಯಾರ್ ಯಾರ್ ಬಂದಿಲ್ಲರಿ?" ಎಂದು ಕೇಳಿ, ಅವರ ಮನೆಗಳಿಗೆ ಹೊರಡುತ್ತಿದ್ದರು. ಬಗದಲ್ ಆಚೆಯ ಒಂದು ಊರಿನಲ್ಲಿ ಹೆಡ್‌ಮಾಸ್ತರರು, "ಮೇಡಂ, ಬಿಸಿಲು ಭಾಳ ಅದ, ಮಕ್ಕಳಿಗಿ ಇಲ್ಲೇ ಕರಸ್ತೇನಿ" ಎಂದು ಹಿಂದೆ ಹಿಂದೆ ಓಡಿದರಂತೆ. ತೊಗರಿ ಹೊಲದ ಬದುವಿನ ಮೇಲೆ ಕೂತಿದ್ದ ಒಬ್ಬ ಹುಡುಗಿಯ ಪಕ್ಕ ಮೇಡಂ ಕಾಲು ಚಾಚಿ ಕುಳಿತು, ಯಾಕೆ ಶಾಲೆಗೆ ಬರಲಿಲ್ಲ ಎಂದು ಕೇಳಿದರು. "ಸಾಹೇಬ್ರು ಬರೋರಿದ್ದಾರ, ಅದಕ್ಕ ಬ್ಯಾಡ ಅಂದಾರ್ರಿ," ಎಂದಳು ಅವಳು, ಪಕ್ಕದಲ್ಲಿ ಕುಳಿತಿದ್ದೇ ಸಾಹೇಬರು ಎಂದು ಗೊತ್ತಿಲ್ಲದೆ. ಹೆಡ್‌ಮಾಸ್ತರರ ಮುಖ ಸುಣ್ಣವಾಯಿತು. ಮೇಡಂ ಅವರ ಮೇಲೆ ವರದಿ ಬರೆಯಲಿಲ್ಲ. ಹುಡುಗಿಯ ಕೈ ಹಿಡಿದು ಶಾಲೆಗೆ ಕರೆತಂದು, ಎಲ್ಲರಿಗಿಂತ ಮುಂದೆ ಕೂರಿಸಿದರು. "ಗೊತ್ತಿದ್ದವರಿಗಿ ನಾ ಯಾಕ ಬೇಕ್ರಿ?" ಎಂದಷ್ಟೇ ಹೇಳಿದರು.

ಮಹಾರಾಷ್ಟ್ರದ ಗಡಿಗೆ ತಾಗಿದ ಒಂದು ಶಾಲೆಗೆ ಅವರೊಂದಿಗೆ ನಾನೂ ಹೋಗಿದ್ದೆ. ಅಲ್ಲಿ ಒಬ್ಬ ಹುಡುಗ ಇಪ್ಪತ್ತೈದು ಬರೆ ಎಂದರೆ ಐವತ್ತೆರಡು ಬರೆಯುತ್ತಿದ್ದ. ಶಿಕ್ಷಕರು ತಲೆ ಚಚ್ಚಿಕೊಳ್ಳುತ್ತಿದ್ದರು. ಮೇಡಂ ಅವನನ್ನು ಮರಾಠಿಯಲ್ಲಿ ಮಾತಾಡಿಸಿದರು. ಆಮೇಲೆ ಶಿಕ್ಷಕರಿಗೆ ಹೇಳಿದರು: "ಅವನ ಮನಿಯಾಗ ಪಂಚವೀಸ್, ಐದು-ಇಪ್ಪತ್ತು ಅಂತಾರ್ರಿ. ಐದು ಮೊದಲ ಕೇಳ್ಯಾನ, ಐದು ಮೊದಲ ಬರ್ದಾನ. ಕೇಳಿದಂಗ ಬರಿಯೋ ಹುಡುಗಗ ಬಡಿತೀರೇನು?" ಇಂಥದ್ದನ್ನು ಹೇಳುವಾಗ ಅವರ ಧ್ವನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಪತ್ತೆ ಹಚ್ಚಿದವರ ಖುಷಿ ಇರುತ್ತಿತ್ತು.

ಇನ್ನು ಅವರ ನಾಟಕ. ಅದಕ್ಕೆ ಜಿಲ್ಲೆಯಲ್ಲೆಲ್ಲ ಹೆಸರು. ತರಬೇತಿಗಳಲ್ಲಿ ಭಾಷಣ, ಪರದೆ, ಕಂಪ್ಯೂಟರು ಯಾವುದೂ ಇರುತ್ತಿರಲಿಲ್ಲ. ಒಂದು ಚಾಪೆ ಹಾಸಿಸಿ, ಕೈಯಲ್ಲಿ ಪಾಟಿ ಹಿಡಿದು ಕುಳಿತುಬಿಡುತ್ತಿದ್ದರು. "ಇನ್ನ ನಾ ಮೇಡಂ ಅಲ್ರಿ. ಎರಡ್ನೇ ಕ್ಲಾಸಿನ ಹುಡುಗಿ. ನನಗ ಏನೂ ತಿಳಿಯಂಗಿಲ್ಲ. ಬರ್ರಿ ಯಾರರ, ಕಲಸ್ರಿ." ಯಾರಾದರೂ ಒಬ್ಬ ಶಿಕ್ಷಕ ಎದ್ದು ಹೋಗಿ ಅವರಿಗೆ ಕಲಿಸಬೇಕು. ಅವರಿಗೆ ತಿಳಿಯುವವರೆಗೆ ಬಿಡುಗಡೆಯಿಲ್ಲ.

ನಾನು ಅವರನ್ನು ಮೊದಲು ಕಂಡದ್ದೇ ಭಾಲ್ಕಿಯ ಇಂಥ ಒಂದು ತರಬೇತಿಯಲ್ಲಿ. ಖಟಕ ಚಿಂಚೋಳಿ ದಾಟಿ ಒಂದು ಹಳ್ಳಿಯ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುವವನು ನಾನು. ಒಳ್ಳೆಯ ಶಿಕ್ಷಕ ಎಂಬ ಹಮ್ಮು ಇತ್ತು, ಸಿಟ್ಟೂ ಮೂಗಿನ ತುದಿಯಲ್ಲೇ ಇತ್ತು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವುದನ್ನು ಅವರಿಗೆ ಕಲಿಸಲು ಹೋದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಐದರಿಂದ ಕಡ ತೆಗೆದುಕೊಳ್ಳಬೇಕು ಎಂದೆ. ಮೇಡಂ ಪಾಟಿಯಿಂದ ತಲೆಯೆತ್ತಿ, ಮೂಗು ಒರೆಸಿಕೊಂಡು ಕೇಳಿದರು:

"ಐದು ಕೇಳಿದ ಕೂಡ್ಲೇ ಕಡ ಕೊಡ್ತದೇನ್ರಿ?"

"ಕೊಡ್ತದ."

"ವಾಪಸ್ ಯಾವಾಗ ಕೊಡೂದ್ರಿ?"

ಸಭೆ ನಕ್ಕಿತು. ನಾನು ಮತ್ತೆ ವಿವರಿಸಿದೆ. ಅವರು ಮತ್ತೆ ಕೇಳಿದರು: "ಒಂದು ತಗೊಂಡೆ ಅಂತೀರಿ, ಇಲ್ಲಿ ಹತ್ತು ಹ್ಯಾಂಗ ಬಂತ್ರಿ? ನಡುವೆ ಯಾರ ಇಟ್ಟರು?" "ಏ, ಹೇಳಿದಷ್ಟು ಮಾಡು!" ಎಂದು ಗದರಿಬಿಟ್ಟೆ. ಜಿಲ್ಲೆಯ ಅಧಿಕಾರಿಯನ್ನು ಏಕವಚನದಲ್ಲಿ! ಮೇಡಂ ಚಾಪೆಯಿಂದ ಪಟ್ಟನೆ ಎದ್ದು ಚಪ್ಪಾಳೆ ತಟ್ಟಿದರು. "ಕೇಳಿದ್ರೇನ್ರಿ ಎಲ್ಲರೂ? ಇಷ್ಟೊತ್ತನ ಇಲ್ಲಿ ಗಣಿತ ಇತ್ತು. ಈ ಸರ್ 'ಹೇಳಿದಷ್ಟು ಮಾಡು' ಅಂದ್ರಲ್ಲ, ಆವಾಗ ಎದ್ದು ಹೋಯ್ತು." ಊಟದ ಹೊತ್ತಿನಲ್ಲಿ ನನ್ನ ಪಕ್ಕದಲ್ಲೇ ಬಂದು ಕುಳಿತು, ರೊಟ್ಟಿ ಮುರಿಯುತ್ತಾ ಮೆಲ್ಲಗೆ ಕೇಳಿದರು: "ಹ್ಯಾಂಗ ಮಾಡ್ದೆ ತಮ್ಮಾ? ಖರೇ ಹುಡುಗಿ ಅನಿಸ್ತಿಲ್ಲೊ?" ಆ ಒಂದು ವಿಷಯದಲ್ಲಿ ಅವರಿಗೆ ಹೊಗಳಿಕೆ ಬೇಕೇ ಬೇಕಿತ್ತು. ಪ್ರತಿ ತರಬೇತಿಯ ನಂತರವೂ ಕೇಳುತ್ತಿದ್ದರು. ಹೌದೆಂದರೆ ಮುಖ ಅರಳುತ್ತಿತ್ತು.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಅವರ ತರಬೇತಿಗಳಲ್ಲಿ ಸಹಾಯಕ್ಕೆ ಹೋಗತೊಡಗಿದೆ. ಒಂದೊಂದೇ ತಾಲ್ಲೂಕು ಮುಗಿಯಿತು. ಉಳಿದದ್ದು ಔರಾದ್. ಅದಕ್ಕಾಗಿ ಅವರು ಕಚೇರಿಗೆ ಎಡತಾಕಿದ್ದು ಅಷ್ಟಿಷ್ಟಲ್ಲ. ಹತ್ತನೇ ತರಗತಿಯ ಪರೀಕ್ಷೆಗೆ ಖಚಿತವಾಗಿ ಬರುವ ನಾಲ್ಕಾರು ಬಗೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ ಮಕ್ಕಳನ್ನು ದಾಟಿಸುವುದಕ್ಕೆ ನಮ್ಮಲ್ಲಿ ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ. ಔರಾದಿಗೆ ಅದೇ ಸಾಕು, ಪ್ರಾಥಮಿಕ ಶಿಕ್ಷಕರ ತರಬೇತಿ ಯಾಕೆ ಎಂಬುದು ಮೇಲಿನವರ ವಾದ. ಮೇಡಂ ತಮ್ಮ ನಿವೃತ್ತಿಗೆ ಮೊದಲು ಔರಾದ್ ಆಗಲೇಬೇಕು ಎಂದು ಹಠ ಹಿಡಿದರು. ಹುಟ್ಟಿದ್ದು ಆ ಕಡೆಯ ಹಳ್ಳಿಯಲ್ಲೇ ಎಂಬುದೂ ಒಂದು ಕಾರಣವಿರಬಹುದು, ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಕೊನೆಗೂ ಆದೇಶ ಬಂತು. ಅದೇ ತಿಂಗಳು ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಅವರ ಬಲಗೈಯಿಂದ ಬಾಚಣಿಕೆ ಜಾರಿ ಬಿತ್ತು. ಪಾರ್ಶ್ವವಾಯು.

ಹೈದರಾಬಾದಿನ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಬೀದರಿಗೆ ಹೋದೆ. ನಿಜ ಹೇಳಬೇಕೆಂದರೆ ಹೆದರಿಕೊಂಡೇ ಹೋದೆ. ಆದರೆ ಪಡಸಾಲೆಯಲ್ಲಿ ಬುದ್ಧನ ಮೂರ್ತಿಯ ಕೆಳಗಿನ ಮಂಚದ ಮೇಲೆ ಮೇಡಂ ಚೆನ್ನಾಗಿಯೇ ಕುಳಿತಿದ್ದರು. ಮಾತು ಸ್ಪಷ್ಟವಾಗಿತ್ತು. ಕೈ ತುಸು ನಡುಗುತ್ತಿತ್ತು, ಅಷ್ಟೆ. ಅವರ ಯಜಮಾನರು ನಿವೃತ್ತ ಚಿತ್ರಕಲಾ ಶಿಕ್ಷಕರು, ಮಿತಭಾಷಿ. ಚಹಾ ಕೊಟ್ಟು ಒಳಗೆ ಹೋದರು. ಚಹಾದಲ್ಲಿ ಸಕ್ಕರೆ ಇಲ್ಲವೆಂದು ಮೇಡಂ ಗೊಣಗಿದರು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು, "ಬಾಗಲಾ ಮುಂದ ಮಾಡು," ಎಂದರು. ಮಾಡಿದೆ.

"ಏಳು, ಐದು ಕೂಡಿದ್ರ ಎಷ್ಟು?"

"ಹನ್ನೆರಡು."

"ಹ್ಯಾಂಗ?"

ನಾನು ನಕ್ಕೆ. "ಬಂದ ಕೂಡ್ಲೇ ಶುರು ಮಾಡಿದ್ರೇನ್ರಿ ನಿಮ್ಮ ನಾಟಕ?" ಎಂದೆ. ಮೇಡಂ ನನ್ನ ಮುಂಗೈಯನ್ನು ಹಿಡಿದುಕೊಂಡರು. ಆ ಹಿಡಿತ ಇನ್ನೂ ನೆನಪಿದೆ.

"ನಾಟಕ ಅಲ್ಲೊ ತಮ್ಮಾ. ಖರೇನ ಕೇಳ್ಲತ್ತೇನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೆದುಳಿನಲ್ಲಿ ಮಾತಿನ ಜಾಗ ಉಳಿದಿದೆ, ಲೆಕ್ಕದ ಜಾಗಕ್ಕೆ ಪೆಟ್ಟು ಬಿದ್ದಿದೆ ಎಂದು ಹೈದರಾಬಾದಿನ ಡಾಕ್ಟರು ಹೇಳಿದ್ದರಂತೆ. ಮರಳಿ ಬರಬಹುದು, ಬರದೆಯೂ ಇರಬಹುದು. ಹೀಗೂ ಆಗುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ. ಕಾಲು ಹೋಗಬಹುದಿತ್ತು, ಕಣ್ಣು ಹೋಗಬಹುದಿತ್ತು. ಹೋಗಿ ಹೋಗಿ ಇದೇ ಹೋಗಬೇಕೇ, ಅದೂ ಇವರಿಗೆ?

"ಅಂಕಿ ಕಾಣಸ್ತಾವ," ಎಂದರು ಮೇಡಂ. "ಏಳು ಅಂತ ಓದ್ತೇನಿ. ಒಂದರಿಂದ ಹತ್ತರ ತನಕ ಸರಳ ಅಂತೇನಿ. ಆದ್ರ ಏಳರ ಒಳಗ ಏನದ ಅಂಬೋದು ತಿಳಿಯಂಗಿಲ್ಲ. ಬಾಗಲಾ ಅದ, ಒಳಗ ಮನಿ ಇಲ್ಲ. ಏಳು ದೊಡ್ಡದೋ ಐದು ದೊಡ್ಡದೋ ಅಂತ ಇವರಿಗಿ ಕೇಳ್ದೆ ಮೊನ್ನಿ. ಇವರು ಅಡಗಿ ಮನಿಗಿ ಹೋಗಿ ಅತ್ತಾರ."

ನಾನೂ ಅತ್ತೆ. ಅವರು ಅಳಲಿಲ್ಲ. ಔರಾದಿನ ಮಾತು ತೆಗೆದರು. ತಾನು ಹೋಗದಿದ್ದರೆ ತರಬೇತಿ ರದ್ದಾಗುತ್ತದೆ, ಅದರ ಜಾಗದಲ್ಲಿ ಪ್ಯಾಕೇಜ್ ಬರುತ್ತದೆ. ಹೋದರೆ? "ಗಣಿತದ ಅಧಿಕಾರಿಗಿ ಏಳು ಐದು ಗೊತ್ತಿಲ್ಲಂದ್ರ ಇಷ್ಟು ವರ್ಷ ಮಾಡಿದ್ದೆಲ್ಲಾ ನಗಿಪಾಟಲು ಆಗ್ತದ. ಈ ಹೆಣ್ಮಗಳ ಮಾತ ಕೇಳಿ ಕಲಿಸಿದೆವಾ ಅಂತಾರ." ಆಮೇಲೆ ತಮ್ಮ ಯೋಜನೆ ಹೇಳಿದರು. ಬೋರ್ಡಿನ ಕೆಲಸವೆಲ್ಲ ನಾನು ಮಾಡಬೇಕು. ಅವರು ಚಾಪೆಯ ಮೇಲೆ ಹುಡುಗಿಯಾಗಿ ಕೂರುತ್ತಾರೆ. "ಯಾರಿಗೂ ಸಂಶಯ ಬರಂಗಿಲ್ಲ. ನಾ ಯಾವಾಗಲೂ ಹಂಗೇ ಅಲಾ ಕೂಡೋದು?"

ನಾನು ಬೇಡವೇ ಬೇಡ ಎಂದೆ. ಅವರು ಕೇಳಬೇಕಲ್ಲ! ಕೆಲಸಕ್ಕೆ ಮರಳಲು ವೈದ್ಯಕೀಯ ಪ್ರಮಾಣಪತ್ರವೂ ಸಲೀಸಾಗಿ ಸಿಕ್ಕಿತು. ಬೀದರಿನ ಡಾಕ್ಟರೊಬ್ಬರು ಕೈ ಎತ್ತಿಸಿದರು, ನಡೆಸಿದರು, ಹೆಸರು ಊರು ಕೇಳಿದರು. ಏಳು ಐದು ಎಷ್ಟು ಎಂದು ಕೇಳಲಿಲ್ಲ. ಗಣಿತದ ಅಧಿಕಾರಿಯನ್ನು ಅದನ್ನು ಕೇಳುವುದು ಮರ್ಯಾದೆಯೇ?

ಔರಾದಿನ ಸಭಾಂಗಣ ತುಂಬಿತ್ತು. ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಿಕ್ಷಕರು ಬಂದಿದ್ದರು. ಮೇಡಂ ಹುಷಾರಿಲ್ಲದಿದ್ದರೂ ಬಂದಿದ್ದಾರೆ ಎಂಬ ಅಭಿಮಾನ ಎಲ್ಲರ ಮುಖದಲ್ಲೂ ಇತ್ತು. ನಾನು ಪೀಠಿಕೆ ಹೇಳಿದೆ. ಮೇಡಂ ಚಾಪೆಯ ಮೇಲೆ ನಿಧಾನವಾಗಿ ಕುಳಿತರು. "ನಾ ಎರಡ್ನೇ ಕ್ಲಾಸಿನ ಹುಡುಗಿ. ನನಗ ಏಳು ಮತ್ತ ಐದು ಕೂಡಿಸ್ಲಿಕ್ಕಿ ತಿಳಿಯಂಗಿಲ್ಲ. ಕಲಸ್ರಿ." ಅಷ್ಟಕ್ಕೇ ಮುಂದಿನ ಸಾಲಿನವರು ನಕ್ಕರು. ಅವರ ಖ್ಯಾತಿ ಅಲ್ಲಿಗೂ ಮುಟ್ಟಿತ್ತು.

ಗಡಿ ಕಡೆಯ ಒಬ್ಬ ತರುಣ ಶಿಕ್ಷಕ ಎದ್ದು ಬಂದ. ಒಳ್ಳೆಯ ಶಿಕ್ಷಕ, ಅದನ್ನು ನಾನು ಹೇಳಲೇಬೇಕು. ಮೆಲುದನಿ. ಬರುವಾಗ ಅಂಗಳದಿಂದ ಹರಳು ಆರಿಸಿಕೊಂಡು ಬಂದಿದ್ದ. ಒಂದು ಕಡೆ ಏಳು, ಇನ್ನೊಂದು ಕಡೆ ಐದು ಇಟ್ಟ. ಐದರಿಂದ ಮೂರು ತೆಗೆದು ಏಳಕ್ಕೆ ಸೇರಿಸಿದರೆ ಹತ್ತು, ಉಳಿದದ್ದು ಎರಡು, ಒಟ್ಟು ಹನ್ನೆರಡು ಎಂದ. ಮೇಡಂ ನೋಡಿದರು.

"ಎಷ್ಟಾಯ್ತು?" ಎಂದು ಅವನು ಕೇಳಿದ.

"ಏಳು."

ಸಭೆ ಗೊಳ್ಳೆಂದಿತು. ಅವನೂ ನಕ್ಕು ಮತ್ತೆ ಮೊದಲಿನಿಂದ ಹೇಳಿದ.

"ಈಗ ಎಷ್ಟು?"

"ಐದೇನ್ರಿ?"

ಮತ್ತೆ ನಗೆ. ಯಾರೋ ಮೊಬೈಲ್ ತೆಗೆದು ಚಿತ್ರೀಕರಿಸತೊಡಗಿದರು. ನಾನು ಬೋರ್ಡಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನಾಟಕದ ಹುಡುಗಿ ಯಾಕೆ ಯಾಕೆ ಎಂದು ಪ್ರಾಣ ತಿನ್ನುತ್ತಿದ್ದಳು, ವಾದಿಸುತ್ತಿದ್ದಳು. ಈ ಮೇಡಂ ಏನನ್ನೂ ಕೇಳಲಿಲ್ಲ. ಹರಳುಗಳ ಮೇಲಿದ್ದ ಕಣ್ಣು ಅಲ್ಲಿಂದ ಶಿಕ್ಷಕನ ಮುಖಕ್ಕೆ ಹೋಗಿತ್ತು. ಅವನ ಹುಬ್ಬು, ಅವನ ತುಟಿ ನೋಡುತ್ತಿದ್ದರು. ಅವನು ಬೇಸರಪಡದೆ ಮೂರನೆಯ ಸಲ ಹೇಳಿದ. ಕೊನೆಗೆ ಬಹಳ ಪ್ರೀತಿಯಿಂದ, "ಈಗ ತಿಳೀತೇನವ್ವಾ?" ಎಂದ.

"ತಿಳೀತ್ರಿ ಸರ್," ಎಂದರು ಮೇಡಂ. ನಕ್ಕರು.

"ಎಷ್ಟು ಹೇಳು ನೋಡಾಮಿ?"

"ಹನ್ನೆರಡು."

ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ತರುಣ ಶಿಕ್ಷಕನ ಬೆನ್ನು ತಟ್ಟಿದರು. ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮೇಡಂಗೆ ಏನೂ ತಿಳಿದಿರಲಿಲ್ಲ. ಹನ್ನೆರಡು ಎಂಬ ಶಬ್ದವನ್ನು ಅವನ ಬಾಯಿಂದ ಅಷ್ಟು ಸಲ ಕೇಳಿದ್ದರು, ಅದನ್ನೇ ತಿರುಗಿ ಕೊಟ್ಟರು. ಇಷ್ಟು ವರ್ಷಗಳಲ್ಲಿ ಆ ಚಾಪೆಯ ಮೇಲೆ ಕುಳಿತು ಅವರು ತಿಳಿಯದೆ 'ತಿಳೀತ್ರಿ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏಳಲು ಕೈ ಕೊಟ್ಟೆ. ಬಾಗಿಲ ಬಳಿ ಹಿರಿಯ ಶಿಕ್ಷಕರೊಬ್ಬರು ಅಡ್ಡ ಬಂದು ಕೈಮುಗಿದು, "ಮೇಡಂ, ನಿಮ್ಮ ಆ್ಯಕ್ಟಿಂಗ್ ಮುಂಚಿನಕಿಂತ ಎಷ್ಟೋ ಪಟ್ಟು ಚಲೋ ಆಗ್ಯಾದ್ರಿ," ಎಂದರು. ಮೇಡಂ ಅವರಿಗೂ ಕೈಮುಗಿದರು.

ಬೀದರಿಗೆ ಮರಳುವಾಗ ಜೀಪಿನಲ್ಲಿ ಅವರು ಈ ಸಲ 'ಹ್ಯಾಂಗ ಮಾಡ್ದೆ' ಎಂದು ಕೇಳಲಿಲ್ಲ. ನಾನು ಸಮಾಧಾನಕ್ಕೆಂದು, ಎಲ್ಲ ಚೆನ್ನಾಗಿ ಆಯಿತು, ಯಾರಿಗೂ ಗೊತ್ತಾಗಲಿಲ್ಲ ಎಂದೆ.

"ಎಲ್ಲಿ ಚಂದ ಆಯ್ತು?" ಎಂದರು. ಧ್ವನಿ ಬಿರುಸಾಗಿತ್ತು. "ಇಷ್ಟು ವರ್ಷ ನಾ ಮಾಡಿದ್ದು ತಪ್ಪು ನಾಟಕ ತಮ್ಮಾ. ತಿಳೀಲಾರದ ಹುಡುಗಿ ಯಾಕ ಅಂತ ಕೇಳ್ತಾಳ ಅಂತ ತೋರಸಿದೆ. ಜಿಲ್ಲಾದ ಮಾಸ್ತರರಿಗೆಲ್ಲಾ ಅದೇ ಕಲಸ್ದೆ. ಖರೇ ತಿಳೀಲಾರದಕಿ ಯಾಕ ಅಂತ ಕೇಳಂಗಿಲ್ಲೊ! ಕೇಳ್ಲಿಕ್ಕರೆ ಸ್ವಲ್ಪ ತಿಳಿದಿರಬೇಕು. ಆಕಿ ನಿನ್ನ ಮಾರಿ ನೋಡ್ತಾಳ. ನಿನಗ ಏನ್ ಬೇಕಾಗ್ಯಾದ ಅಂತ ಹುಡುಕ್ತಾಳ. ಸಿಕ್ಕ ಕೂಡ್ಲೇ ಕೊಟ್ಟು ಬಿಡ್ತಾಳ. ನೀ ಖುಷಿ ಆಗಿ ಎದ್ದು ಹೋಗಬೇಕಲ್ಲ ಆಕಿ ಮುಂದಿಂದ, ಅದಕ್ಕ."

ಅವರೇ ಮುಂದುವರಿಸಿದರು: "ಆ ಹುಡುಗ ಎಷ್ಟು ಪ್ರೀತಿಲಿಂದ ಹೇಳ್ದ. ಅವನಿಗಿ ನಿರಾಸಿ ಮಾಡ್ಲಿಕ್ಕಿ ನನಗ ಆಗಲಿಲ್ಲ. ನಾಚಿಕಿ ಬಂತು. ಈ ವಯಸ್ಸಿನಾಗ ನನಗೇ ಹಿಂಗಾದ್ರ, ಆ ಸಣ್ಣ ಕೂಸುಗಳಿಗಿ ಹ್ಯಾಂಗಾಗಿರಬ್ಯಾಡ?" ಹೇಳುತ್ತಾ ಹೇಳುತ್ತಾ ಅವರು ಅತ್ತರು. ಪಾರ್ಶ್ವವಾಯುವಿಗೆ ಅಳದವರು. ನನಗೆ ಅವರ ಮುಖ ನೋಡಲಾಗಲಿಲ್ಲ, ಡ್ರೈವರನ ಬೆನ್ನು ನೋಡುತ್ತಾ ಕುಳಿತೆ.

ನಿವೃತ್ತಿಯ ದಿನ ಹಾರ, ಶಾಲು ಎಲ್ಲವೂ ಆದವು. ಅದಾದ ಮೂರನೆಯ ವಾರವೇ ಮೇಡಂ ನನ್ನ ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತಿದ್ದರು. ಬೀದರಿನಿಂದ ಭಾಲ್ಕಿಗೆ ಬಂದು, ಅಲ್ಲಿಂದ ಬಸ್ ಬದಲಿಸಿ ಬಂದಿದ್ದರು. ಯಜಮಾನರು ಜೊತೆಗಿದ್ದರು. "ನನಗ ಎರಡ್ನೇ ಕ್ಲಾಸಿನಾಗ ಕೂಡ್ಸು," ಎಂದರು. ಮಕ್ಕಳ ಪಾಠ ನೋಡಲು ಬಂದಿದ್ದಾರೆ ಎಂದು ನಮ್ಮ ಹೆಡ್‌ಮಾಸ್ತರರು ಸಂತೋಷಪಟ್ಟು ಕುರ್ಚಿ ತರಿಸಿದರು. ಅವರು ಕುರ್ಚಿಯಲ್ಲಿ ಕೂರಲಿಲ್ಲ. ಕೊನೆಯ ಸಾಲಿನಲ್ಲಿ ಮಕ್ಕಳ ನಡುವೆ ನೆಲಕ್ಕೆ ಕುಳಿತರು. ಅಲ್ಲಿಂದ ಮುಂದೆ ಮೈ ಸರಿಯಿದ್ದ ದಿನಗಳಲ್ಲಿ ಬರುತ್ತಲೇ ಇದ್ದರು. ಯಜಮಾನರು ಹೊರಗೆ ಬೇವಿನ ಕೆಳಗೆ ಪತ್ರಿಕೆ ಓದುತ್ತಾ ಕಾಯುತ್ತಿದ್ದರು. ಏಳು ಐದು ಅವರಿಗೆ ಬಂತೇ ಎಂದು ಕೇಳಿದರೆ, ಒಂದು ದಿನ ಬರುತ್ತಿತ್ತು, ಮರುದಿನ ಹೋಗಿರುತ್ತಿತ್ತು. ಬಂದ ದಿನ ಅವರ ಆ ಹಳೆಯ ನಗೆ ಕೇಳಿ ಪಕ್ಕದ ತರಗತಿಯ ಮಕ್ಕಳು ಕಿಟಕಿಗೆ ಬರುತ್ತಿದ್ದರು. ಎರಡನೆಯ ಸಲ ಪಾರ್ಶ್ವವಾಯು ಹೊಡೆಯುವವರೆಗೂ ಹೀಗೇ ನಡೆಯಿತು.

ಆ ದಿನಗಳಲ್ಲಿ ಒಂದು ದಿನ ನಾನು ದಶಕ ಮಾಡಿ ಕೂಡುವುದನ್ನು ಹೇಳುತ್ತಿದ್ದೆ. ಕಡ್ಡಿಗಳ ಕಟ್ಟು ಮಾಡಿ ತೋರಿಸಿದೆ, ಬೋರ್ಡಿನ ಮೇಲೆ ಬರೆದೆ. ಪಾಠ ಚೆನ್ನಾಗಿ ಬಂದಿತ್ತು, ಅದು ಶಿಕ್ಷಕನಿಗೆ ಗೊತ್ತಾಗುತ್ತದೆ. ರೂಢಿಯಂತೆ ಕೇಳಿದೆ: "ತಿಳೀತೇನ್ರೋ ಎಲ್ಲರಿಗೂ?"

"ತಿಳೀತ್ರೀ ಸರ್ರೀ!" ಎಂದು ಇಡೀ ತರಗತಿ ರಾಗವಾಗಿ ಕೂಗಿತು. ಆ ಕೂಗೆಂದರೆ ನನಗೆ ಹೆಮ್ಮೆ. ಬೇರೆ ತರಗತಿಯವರೂ ಕೇಳಲಿ ಎಂದು ಬಾಗಿಲು ತೆರೆದಿಟ್ಟಿರುತ್ತಿದ್ದೆ.

"ನನಗ ತಿಳೀಲಿಲ್ರಿ ಸರ್."

ಹಿಂದಿನ ಸಾಲಿನಿಂದ ಬಂತು. ಸಣ್ಣ ಧ್ವನಿ. ಮೇಡಂ ನಡುಗುವ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದಿದ್ದರು. ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೊಬ್ಬನಿಗೆ ಗೊತ್ತಿತ್ತು. ಮಕ್ಕಳೆಲ್ಲ ತಿರುಗಿ ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸರ್ ಈಗ ಬಯ್ಯುತ್ತಾರೆ ಎಂದು ಕಾಯುತ್ತಿದ್ದರು.

"ಅಡ್ಡಿಯಿಲ್ಲವ್ವಾ," ಎಂದೆ. "ಎಲ್ಲಿ ತಿಳೀಲಿಲ್ಲೋ ಅಲ್ಲಿಂದ ಮತ್ತ ನೋಡಾಮಿ."

ಅವರ ಪಕ್ಕದಲ್ಲಿ ಕೂತಿದ್ದ ಹುಡುಗಿ, ವರ್ಷವಿಡೀ ಎಲ್ಲದಕ್ಕೂ ತಲೆಯಾಡಿಸಿದ್ದವಳು, ಮೇಡಂ ಮುಖವನ್ನೊಮ್ಮೆ ನೋಡಿದಳು. ಬೆರಳು ಎತ್ತಿದಳು. "ನನಗೂ ಇಲ್ರಿ ಸರ್." ಅವಳ ಮುಂದಿನವನು ಹಿಂದೆ ತಿರುಗಿ ಅವಳನ್ನು ನೋಡಿ ತಾನೂ ಎತ್ತಿದ. ಆಮೇಲೆ ಕಿಟಕಿ ಪಕ್ಕದವರು. ಆಮೇಲೆ ನಡುವಿನ ಸಾಲು. ನಾನು ದಂಗು ಬಡಿದು ನೋಡುತ್ತಿದ್ದೆ. ಕೈಗಳು ಏಳುತ್ತಲೇ ಇದ್ದವು. ಪರೀಕ್ಷೆಯಲ್ಲಿ ಎಲ್ಲಕ್ಕೂ ಸರಿ ಉತ್ತರ ಬರೆಯುತ್ತಿದ್ದ, ಯಾರು ಬಂದರೂ ನಾನು ಎಬ್ಬಿಸಿ ನಿಲ್ಲಿಸುತ್ತಿದ್ದ ಮೊದಲ ಸಾಲಿನ ಹುಡುಗಿ ಮಾತ್ರ ಉಳಿದಿದ್ದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಏನು ಬೇಕಾಗಿದೆ ಎಂದು ಹುಡುಕುತ್ತಿದ್ದಳು.

ನಾನು ನಕ್ಕೆ. ಅವಳೂ ಕೈ ಎತ್ತಿದಳು.